ಬಯಲಾಟದ ಗದ್ದೆಗೆ ಗಾಲಿಕುರ್ಚಿ

ಗದ್ದೆಯಲ್ಲಿ ಯಕ್ಷಗಾನದ ಆಟ ಆಡಿಸುವಾಗ ಎಲ್ಲರೂ ರಂಗಸ್ಥಳದಿಂದ ಲೆಕ್ಕ ಹಾಕುತ್ತಾರೆ, ನಾವು ರಸ್ತೆಯಿಂದ ಹಾಕುತ್ತೇವೆ. ಗಾಲಿಕುರ್ಚಿಯವರಿಗೆ, ಊರುಗೋಲಿನವರಿಗೆ, ಮಂಡಿನೋವಿನ ಅಜ್ಜಿಯರಿಗೆ ಆಟ ತಪ್ಪುವುದು ವಾಹನ ಇಳಿದ ಜಾಗಕ್ಕೂ ಕೂರುವ ಜಾಗಕ್ಕೂ ನಡುವಿನ ನೂರಡಿಯಲ್ಲಿ. ಅದು ದಾಟಿದರೆ ಶೌಚಾಲಯದಲ್ಲಿ. ಹೊನ್ನಾವರ, ಕುಮಟಾ, ಶಿರಸಿ ಕಡೆ ವ್ಯವಸ್ಥೆ ಮಾಡುತ್ತ ರೂಢಿಯಾದ ಕ್ರಮ ಇದು.

ಕೊಯ್ಲಾದ ಗದ್ದೆ ಗಟ್ಟಿಯಾಗಿ ಕಂಡರೂ ಕೂಳೆಯಲ್ಲಿ, ಬಿರುಕಿನಲ್ಲಿ ಕುರ್ಚಿಯ ಮುಂದಿನ ಚಿಕ್ಕ ಗಾಲಿ ಸಿಕ್ಕಿ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಐದಡಿ ಅಗಲಕ್ಕೆ ಕೂಳೆ ಕೆತ್ತಿ, ನೀರು ಹೊಡೆದು, ದಮ್ಮಸು ಮಾಡಿ, ಮೇಲೆ 18 ಮಿ.ಮೀ. ಪ್ಲೈವುಡ್ ಹಾಸುತ್ತೇವೆ. 8 ಅಡಿ ಉದ್ದ, 4 ಅಡಿ ಅಗಲದ ಶೀಟುಗಳನ್ನು ಉದ್ದಕ್ಕೆ ಜೋಡಿಸಿದರೆ ನೂರಡಿಗೆ 13 ಬೇಕು. ಎರಡು ಶೀಟು ಕೂಡುವಲ್ಲಿ ಕೆಳಗೆ ಒಂದಡಿ ಅಗಲದ ತುಂಡಿಟ್ಟು ಎರಡಕ್ಕೂ ಸ್ಕ್ರೂ ಹೊಡೆಯಲೇಬೇಕು. ಇಲ್ಲದಿದ್ದರೆ ಭಾರ ಬಿದ್ದ ಶೀಟು ತಗ್ಗಿ, ಮುಂದಿನದರ ಅಂಚು ಗಾಲಿಗೆ ಮೆಟ್ಟಿಲಾಗುತ್ತದೆ. ಕಾರವಾರದ ಟ್ಯಾಗೋರ್ ಕಡಲತೀರದಂಥ ಮರಳಿನ ನೆಲದಲ್ಲಿ ಹೀಗೆ ಜೋಡಿಸದೆ ಬಿಟ್ಟರೆ ದಾರಿಯೇ ಇಲ್ಲದಂತೆ. ಅಡಿಕೆ ಮರ ಸೀಳಿದ ದಬ್ಬೆಯ ಸಂಕ (ಕಾಲುಸೇತುವೆ) ಕಾಲಿಗೆ ಸರಿ, ಗಾಲಿಗಲ್ಲ. ದಬ್ಬೆಗಳ ಸಂದಿಯಲ್ಲಿ ಗಾಲಿ ಇಳಿಯುತ್ತದೆ. ದಬ್ಬೆಯನ್ನು ಕೈಹಿಡಿಗೆ ಬಳಸಬಹುದು, ಸೀಬರು ಕೆತ್ತಿ ನಯ ಮಾಡಿದ ಮೇಲೆ.

ಇಳಿಜಾರಿಗೆ ಒಂದಕ್ಕೆ ಹನ್ನೆರಡು: ಬದು ಒಂದಡಿ ಎತ್ತರವಿದ್ದರೆ 12 ಅಡಿ ಉದ್ದ. ನಾಲ್ಕಡಿ ಹಲಗೆ ಒರಗಿಸಿ ರ‍್ಯಾಂಪ್ ಅನ್ನುವುದನ್ನು ನಾವು ಒಪ್ಪುವುದಿಲ್ಲ. ಅದರಲ್ಲಿ ಹತ್ತಿಸಲು ಇಬ್ಬರು ಬೇಕು, ಇಳಿಯುವಾಗ ಕುರ್ಚಿ ಕೈತಪ್ಪುತ್ತದೆ. ಗದ್ದೆಯವರು ಒಪ್ಪಿದರೆ ಬದುವನ್ನೇ ಐದಡಿ ಕಡಿದು, ಆಟ ಮುಗಿದ ಮೇಲೆ ಕಟ್ಟಿಕೊಡುವುದು ಎಲ್ಲಕ್ಕಿಂತ ಸುಲಭ.

ಕೂರುವ ಜಾಗ ಹಿಂದೆ ಬೇಡ. ನಿಂತು ನೋಡುವವರು ಬಂದರೆ ರಂಗಸ್ಥಳ ಕಾಣುವುದಿಲ್ಲ. ಚಾಪೆಯ ಮೇಲೆ ಕೂರುವವರು ಮುಗಿದು ಕುರ್ಚಿಸಾಲು ಶುರುವಾಗುವಲ್ಲಿ, ಒಂದು ಪಕ್ಕಕ್ಕೆ, ಒಂದಡಿ ಎತ್ತರದ ಅಟ್ಟಣಿಗೆ ಕಟ್ಟುತ್ತೇವೆ. ಕೆಳಗೆ ಚಿರೆಕಲ್ಲು, ಅದರ ಮೇಲೆ ಒಂದೂವರೆ ಅಡಿಗೊಂದರಂತೆ ಮರದ ಪಟ್ಟಿ, ಮೇಲೆ ಆರು ಶೀಟು: 16 ಅಡಿ ಅಗಲ, 12 ಅಡಿ ಆಳ. ಒಂದು ಗಾಲಿಕುರ್ಚಿಗೆ ಮೂರಡಿ, ಜೊತೆಗೆ ಬಂದವರಿಗೆ ಎರಡಡಿ. ಹೀಗೆ ಮೂರು ಜೋಡಿ. ಹಿಂದೆ ತಿರುಗಿಸಲು ಐದಡಿ ಖಾಲಿ ಇರಬೇಕು. ಅಲ್ಲಿ ಮಡಚುವ ಕುರ್ಚಿ ತಂದು ಹಾಕುವವರನ್ನು ತಡೆಯಲು ಒಬ್ಬ ಸ್ವಯಂಸೇವಕ ಬೇಕೇ ಬೇಕು. ಅಂಚಿಗೆ ನಾಲ್ಕಿಂಚಿನ ರೀಪು ಹೊಡೆದರೆ ಗಾಲಿ ಜಾರಿ ಬೀಳುವುದಿಲ್ಲ. ನಡುರಾತ್ರಿ ದಾಟಿದರೆ ಇಬ್ಬನಿಗೆ ಪ್ಲೈವುಡ್ ಜಾರುತ್ತದೆ. ಗೋಣಿ ಹಾಸಿದರೆ ಅದು ಸುರುಳಿಯಾಗಿ ಗಾಲಿಗೆ ಸುತ್ತಿಕೊಳ್ಳುತ್ತದೆ. ಹಸಿ ಬಣ್ಣದ ಮೇಲೆ ಸಣ್ಣ ಮರಳು ಉದುರಿಸಿ ಒಣಗಿಸಿದ್ದೇ ನಿಲ್ಲುವುದು.

ಬಾಡಿಗೆಯ ಶೌಚಾಲಯಕ್ಕೆ ಒಂದಡಿ ಮೆಟ್ಟಿಲಿರುತ್ತದೆ, ಒಳಗೆ ಕುರ್ಚಿ ತಿರುಗುವುದಿಲ್ಲ. ನಾವು ನೆಲಮಟ್ಟದಲ್ಲೇ 7 ಅಡಿ ಚೌಕದ ತಗಡಿನ ಮರೆ ಕಟ್ಟಿ, ಹೊರಕ್ಕೆ ತೆರೆಯುವ ಮೂರಡಿ ಬಾಗಿಲಿಟ್ಟು, ಒಳಗೆ ಒಂದೂವರೆ ಅಡಿ ಎತ್ತರದ ಕಮೋಡ್ ಕೂರಿಸುತ್ತೇವೆ. ಹಿಡಿಯುವ ಜಿ.ಐ. ಪೈಪನ್ನು ತಗಡಿಗೆ ಕಟ್ಟಬಾರದು, ಮೈಭಾರಕ್ಕೆ ಕಿತ್ತು ಬರುತ್ತದೆ. ನೆಲದಲ್ಲಿ ಎರಡಡಿ ಹುಗಿದು ಕಾಂಕ್ರೀಟ್ ಹಾಕಬೇಕು. ನೀರಿನ ಬಕೆಟ್ಟು, ಚೊಂಬು ಕೂತಲ್ಲಿಂದ ಕೈಗೆ ಸಿಗಬೇಕು.

ಕಿವಿ ಕೇಳದವರಿಗೆ ಆಟದಲ್ಲಿ ಒಂದು ವಿಶೇಷ ತೊಡಕಿದೆ. ಪದ್ಯ ಪ್ರಸಂಗದಲ್ಲಿ, ಅಂದರೆ ಆಟದ ಕಥೆಯ ಪಠ್ಯದಲ್ಲಿ, ಬರೆದದ್ದೇ, ಆದರೆ ಅರ್ಥ, ಅಂದರೆ ಪಾತ್ರಧಾರಿಗಳ ಮಾತು, ಆಶುವಾಗಿ ಹುಟ್ಟುವುದು. ಮೊದಲೇ ಅಚ್ಚು ಹಾಕಿಸಿದ ಸಾಲುಗಳು ಮಾತಿಗೆ ಸಾಲುವುದಿಲ್ಲ. ಹಾಗಾಗಿ ಕಥಾಸಾರವನ್ನು ದಪ್ಪ ಅಕ್ಷರದಲ್ಲಿ ಕೊಟ್ಟು, ಸಂಜ್ಞಾಭಾಷೆಯ ದುಭಾಷಿಗಳು ಇಬ್ಬರನ್ನು ಕರೆಸುತ್ತೇವೆ. ಒಬ್ಬರೇ ಆದರೆ ಅರ್ಧ ಗಂಟೆಯಲ್ಲಿ ಸೋಲುತ್ತಾರೆ. ಪ್ರಸಂಗ ಅವರಿಗೆ ವಾರ ಮೊದಲೇ ಸಿಗಬೇಕು; ಅಭಿಮನ್ಯು, ಸುಭದ್ರೆ, ದ್ರೋಣ ಹೀಗೆ ಪ್ರತಿ ಪಾತ್ರಕ್ಕೂ ಒಂದು ಸಂಜ್ಞೆ ಗೊತ್ತುಮಾಡಿ ಆಟಕ್ಕೆ ಮುಂಚೆ ನೋಡುವವರಿಗೂ ತೋರಿಸಬೇಕು. ನಿಲ್ಲುವುದು ರಂಗಸ್ಥಳದ ಪಕ್ಕ, ಹಿಂದೆ ಕಪ್ಪು ಬಟ್ಟೆ, ಕೈಮೇಲೆ ಬಣ್ಣವಿಲ್ಲದ ಸ್ಥಿರ ಬೆಳಕು.

ಕಣ್ಣು ಕಾಣದವರಿಗೆ ಮಾತು, ಪದ್ಯ ಹೇಗೂ ದಕ್ಕುತ್ತವೆ, ತಪ್ಪುವುದು ವೇಷ. ಮೇಳದ ಯಜಮಾನರ ಒಪ್ಪಿಗೆ ಪಡೆದು, ವೇಷ ಕಟ್ಟುವ ಮೊದಲು ಚೌಕಿಗೆ (ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ) ಕರೆದೊಯ್ದು ಕಿರೀಟ, ಭುಜಕೀರ್ತಿ, ಎದೆಕಟ್ಟು, ಗೆಜ್ಜೆ ಮುಟ್ಟಿಸುತ್ತೇವೆ. ಆಟದಲ್ಲಿ ಪಕ್ಕದವರು ಪ್ರವೇಶ, ಬಣ್ಣ, ಕುಣಿತದ ಬಗೆ ಇಷ್ಟನ್ನೇ ಹೇಳಬೇಕು, ಅದೂ ಮಾತಿನ ನಡುವೆ ಅಲ್ಲ. ಚಂಡೆಯ ಸದ್ದು ತಾಳಲಾರದ ಮಕ್ಕಳಿಗೆ ಧ್ವನಿಪೆಟ್ಟಿಗೆಯಿಂದ ದೂರದ ಜಾಗ ಇಟ್ಟು, ರಾಳದ ಬೆಂಕಿ (ಪಂಜಿಗೆ ರಾಳದ ಪುಡಿ ಎರಚಿ ಎಬ್ಬಿಸುವ ಜ್ವಾಲೆ) ಯಾವ ಪ್ರವೇಶಕ್ಕೆ ಹಾರುತ್ತದೆ ಎಂದು ಮನೆಯವರಿಗೆ ಮುಂಚಿತವಾಗಿ ತಿಳಿಸುತ್ತೇವೆ.

ಇಷ್ಟನ್ನೂ ಕತ್ತಲಾದ ಮೇಲೆ ಒಮ್ಮೆ ಪರೀಕ್ಷಿಸಬೇಕು. ಹಗಲು ಕಾಣುವ ಶಾಮಿಯಾನದ ಹಗ್ಗ ರಾತ್ರಿ ಬಿಳಿಕೋಲಿಗೆ ಸಿಗದೆ ಮೈಗೆ ತಾಗುತ್ತದೆ, ಗೂಟಕ್ಕೆ ಬಿಳಿ ಬಟ್ಟೆ ಕಟ್ಟಿದರೆ ಮಸುಕುಗಣ್ಣಿನವರಿಗೆ ಸಾಕು, ಕಾಣದವರಿಗೆ ಸಾಲದು. ದಾರಿಯ ಬದಿಯ ಹಗ್ಗಗಳನ್ನೇ ತೆಗೆಸಬೇಕು. ಜನರೇಟರ್ ಕೇಬಲ್ ದಾರಿ ದಾಟುವಲ್ಲಿ ಹುಗಿಯಬೇಕು. ಬೆಳಗಿನ ಜಾವ ಮಂಗಳ ಹಾಡುವ ಹೊತ್ತಿಗೆ ಪ್ಲೈವುಡ್ ದಾರಿಯ ಮೇಲೆಯೇ ಬೈಕು ನಿಂತಿರುತ್ತವೆ. ಆದ್ದರಿಂದ ಸಂಜೆ ಬಾಗಿಲಲ್ಲಿದ್ದ ಸ್ವಯಂಸೇವಕರು ಆ ಹೊತ್ತಿಗೆ ಮತ್ತೆ ಅಲ್ಲಿರುವಂತೆ ಪಾಳಿ ಹಂಚಿ, ಗಾಲಿಕುರ್ಚಿಯವರ ರಿಕ್ಷಾ ಮೊದಲು ಹೊರಡಿಸುತ್ತೇವೆ.