ಕೋಳಿ ಮರಿ ತರೂಕಿಂತ ಮೊದಲ ಬಲ್ಬ್ ಹಚ್ಚಿ ನೋಡ್ರಿ

ನಮ್ಮ ಧಾರವಾಡ ಕಡೆ ಹಳ್ಯಾಗ ಈಗ ಭಾಳ ಮಂದಿ ಹಿತ್ತಲದಾಗ ಕೋಳಿ ಸಾಕಾಕ ಹತ್ಯಾರ, ಜವಾರಿ ತಂದೇವಿ ಗಿರಿರಾಜ ತಳಿ ತಂದೇವಿ ಅಂತ ಖುಷೀಲೆ ಹೇಳ್ತಾರ, ನಾಕ್ ದಿನ ಬಿಟ್ಟು ಅರ್ಧ ಮರಿ ಸತ್ತೂರಿ ಅಂತಾರ. ನಾ ಮೊದಲ ಕೇಳೋದು, ರಾತ್ರಿ ಕಾವು ಹೆಂಗ ಕೊಟ್ರಿ ಅಂತ.

ತಾಯಿ ಕೋಳಿ ಇದ್ರ ರೆಕ್ಕಿ ಬುಡಕ ಹಾಕ್ಕೊಂಡು ಅದ ನೋಡ್ಕೊಂತದ, ತಾಯಿ ಇಲ್ದ ಮರಿಗೆ ಆ ಕೆಲಸ ಬಲ್ಬ್ ಮಾಡಬೇಕು. ಎಲ್ಇಡಿ ನಡ್ಯೂದಿಲ್ರಿ, ಅದು ಬರೇ ಬೆಳಕು, ಹಳೇ ಕಾಲದ ತಂತಿ ಬಲ್ಬ್ ಬೇಕು. ನಾ 20 ಮರಿಗೆ 60 ವ್ಯಾಟಿಂದು ಒಂದು ಹಚ್ತೀನಿ, ಥಂಡ್ಯಾಗ ಎರಡು. ಬರೇ ವೈರಿಗೆ ಜೋತು ಬಿಡಬ್ಯಾಡ್ರಿ, ಗಟ್ಟಿ ತಂತೀಲೆ ಕಟ್ರಿ, ಕೆಳಗ ಹೊಟ್ಟು ಇರ್ತದ, ಬಿದ್ರ ಬೆಂಕಿ ಹತ್ತತದ. ಮೊದಲನೇ ವಾರ ಮರಿ ಬೆನ್ನಿನ ಎತ್ತರಕ್ಕ 35 ಡಿಗ್ರಿ ಇರಬೇಕು, ಆಮ್ಯಾಲೆ ವಾರಕ್ಕ 3 ಡಿಗ್ರಿ ಕಡಿಮಿ ಮಾಡ್ಕೊಂತ ಹೋಗ್ರಿ. ಬ್ಯಾಸಗ್ಯಾಗ ಹಗಲೊತ್ತು ಬಲ್ಬ್ ಬೇಕಾಗೂದಿಲ್ಲ ಅಂತ ಕಾಣ್ತದ, ಆದ್ರ ಅದನ್ನ ಮರೀನ ಹೇಳ್ತಾವ. ಬಲ್ಬ್ ಬುಡಕ ಒಂದರ ಮ್ಯಾಲೊಂದು ಗುಂಪಾಗಿ ಚೀಂವ್ ಚೀಂವ್ ಅಂತ ಒದರಿದ್ರ ಥಂಡಿ, ದೂರ ಹೋಗಿ ಬಾಯಿ ತಗದು ತೇಕಿದ್ರ ಸೆಕಿ, ಎಲ್ಲಾ ಕಡೆ ಹರಡ್ಕೊಂಡು ಮಲಗಿದ್ರ ಸರಿ ಐತಿ.

ನಾ ಮೊದಲನೇ ಸಲ ದೊಡ್ಡ ರಟ್ಟಿನ ಡಬ್ಬ್ಯಾಗ ಇಟ್ಟಿದ್ದೆ, ನಡುರಾತ್ರಿ ಕರೆಂಟ್ ಹೋತು, ಎಲ್ಲಾ ಮರಿ ಒಂದ ಮೂಲ್ಯಾಗ ಒತ್ಕೊಂಡು ಬೆಳಿಗ್ಗೆ ನೋಡಿದ್ರ ಕೆಳಗಿನ 6 ಸತ್ತಿದ್ವು. ಅವತ್ತಿಂದ ಮೂಲಿ ಇರೋ ಜಾಗದಾಗ ಮರಿ ಬಿಟ್ಟಿಲ್ಲ, ಶೀಟ್ ಗುಂಡಗ ಸುತ್ತಿ ಅದರೊಳಗ ಬಿಡ್ತೀನಿ. ಕರೆಂಟ್ ಹೋದ್ರ ಬಾಟ್ಲ್ಯಾಗ ಬಿಸಿನೀರು ತುಂಬಿ ಅರಬಿ ಸುತ್ತಿ ನಡುವ ಇಡ್ರಿ, ಆರಿದ ಮ್ಯಾಲೆ ಬದಲಿ ಮಾಡ್ರಿ.

ಕೆಳಗ ಭತ್ತದ ಹೊಟ್ಟು ಎರಡು ಇಂಚು ಹಾಕ್ರಿ. ಬರೇ ಪೇಪರ್ ಹಾಸಿದ್ರ ಕಾಲು ಜಾರಿ ಅಗಲ ಆಗ್ತಾವ, ಆಮ್ಯಾಲೆ ಅವು ನೆಟ್ಟಗ ನಿಂದ್ರೂದ ಇಲ್ಲ. ಹಸಿ ಆದ ಹೊಟ್ಟು ದಿನಾ ತಗೀರಿ.

ಮರಿ ಬಂದ ಕೂಡ್ಲೆ ಮೊದಲ ನೀರು, ಆಮ್ಯಾಲೆ ಕಾಳು. ತತ್ತಿಯೊಳಗಿನ ಹಳದಿ ಹೊಟ್ಯಾಗ ಇರ್ತದ, ಎರಡು ದಿನ ಅದರ ಮ್ಯಾಲ ಜೀವ ಹಿಡಿತಾವ, ಆದ್ರ ಅದನ್ನ ನಂಬಿ ತಡ ಮಾಡಬ್ಯಾಡ್ರಿ. ಕಾಸಿ ಆರಿಸಿದ ನೀರಿಗೆ ಚೂರು ಬೆಲ್ಲ ಹಾಕಿ, ಒಂದೊಂದ ಮರಿದು ಚುಂಚು ಅದ್ದಿ ತೋರಿಸ್ರಿ. ತಾಟಿನಾಗ ನೀರು ಇಟ್ರ ಒಳಗ ಸಣ್ಣ ಕಲ್ಲು ಹಾಕ್ರಿ, ಇಲ್ಲಂದ್ರ ಮುಳುಗಿ ಸಾಯ್ತಾವ. ತಿನ್ನಾಕ ಚಿಕ್ ಸ್ಟಾರ್ಟರ್ ಅನ್ನೋ ಮರಿ ಫೀಡ್ ಕೊಡ್ರಿ, 20 ಪರ್ಸೆಂಟ್ ಪ್ರೋಟೀನ್ ಇರೋದು. ಬರೇ ಜ್ವಾಳದ ನುಚ್ಚು ಹಾಕಿದ್ರ ಮೈ ಹತ್ತೂದಿಲ್ಲ, ತತ್ತಿ ಕೋಳಿ ಫೀಡ್ ಅಂತೂ ಬ್ಯಾಡ್ರಿ, ಅದರಾಗಿನ ಕ್ಯಾಲ್ಸಿಯಂ ಮರಿ ಕಿಡ್ನಿಗೆ ಕೆಟ್ಟದ್ದು.

ದಿನಾ ಹಿಂಭಾಗ ನೋಡ್ರಿ. ಹಿಕ್ಕಿ ಒಣಗಿ ಮುಚ್ಕೊಂಡಿದ್ರ ಬಿಸಿನೀರಾಗ ಹತ್ತಿ ಅದ್ದಿ ಮೆತ್ತಗ ಬಿಡಿಸ್ರಿ, ಜಗ್ಗಬ್ಯಾಡ್ರಿ. ಮೂರ್ನಾಕು ವಾರದಾಗ ಹಿಕ್ಕ್ಯಾಗ ರಕ್ತ ಕಂಡ್ರ ಅದು ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಇರಬಹುದು, ಅವತ್ತ ಪಶು ದವಾಖಾನಿಗೆ ಹೋಗ್ರಿ.

ಇನ್ನ ಲಸಿಕಿ. ಕೊಕ್ಕರೆ ರೋಗ (ರಾಣಿಖೇತ್) ಬಂತಂದ್ರ ಗೂಡ ಖಾಲಿ ಮಾಡ್ತದ, ಔಷಧ ಇಲ್ಲ. 5ರಿಂದ 7ನೇ ದಿನದಾಗ ಅದರ ಲಸಿಕಿ ಲಸೋಟಾ ಒಂದು ಹನಿ ಕಣ್ಣಾಗ ಹಾಕಸ್ರಿ, ಸುಮಾರು 14ನೇ ದಿನಕ್ಕ ಗಂಬೋರೋ ಅನ್ನೋ ಇನ್ನೊಂದು ರೋಗದ್ದು, 28ರ ಸುಮಾರಿಗೆ ಲಸೋಟಾ ಮತ್ತೊಮ್ಮೆ. ಬಾಟ್ಲಿ ಸಣ್ಣದಿದ್ರೂ 100 ಮರಿಗಾಗೋಷ್ಟು ಇರ್ತದ, ಕಲಸಿದ ಮ್ಯಾಲೆ ಒಂದೆರಡು ತಾಸಿನಾಗ ಮುಗಿಸಬೇಕು, ಅದಕ್ಕ ಓಣ್ಯಾಗ ಮರಿ ಇಟ್ಟವ್ರೆಲ್ಲಾ ಸೇರಿ ಒಂದ ಬಾಟ್ಲಿ ತರ್ರಿ, ಐಸಿನಾಗ ಇಟ್ಕೊಂಡ.

ಐದು ವಾರಕ್ಕ ಪುಕ್ಕ ತುಂಬಿದ ಮ್ಯಾಲೆ ಹಗಲೊತ್ತು ಹೊರಗ ಬಿಡ್ರಿ, ಹದ್ದಿಗೆ ಮ್ಯಾಲೆ ಜಾಳಗಿ ಕಟ್ಟಿರಬೇಕು, ಹೊತ್ತು ಮುಣಗೂದ್ರಾಗ ಒಳಗ ಹಾಕಿ ಎಣಸ್ರಿ, ಮುಂಗಸಿ ಬರೋದು ಸಂದ್ಯಾಗಿನ ಸಣ್ಣ ಬೊಕ್ಕಿಯಿಂದ, ಅದನ್ನೂ ಮುಚ್ರಿ.