ಯುರೋಪಿನ ಐಸ್ ಹಾಕಿ ಲೀಗ್‌ಗಳನ್ನು ತೂಗುವ ಲೆಕ್ಕ: ನನ್ನ ಅನುಭವ

ಯುರೋಪಿನ ಬೇರೆ ಬೇರೆ ಲೀಗುಗಳ ಕ್ಲಬ್ಬುಗಳು ಸೆಣಸುವ ಟೂರ್ನಿ ಚಾಂಪಿಯನ್ಸ್ ಹಾಕಿ ಲೀಗ್ ಶುರುವಾದದ್ದು 2014-15ರಲ್ಲಿ. ಅಲ್ಲಿಂದ 2024-25ರವರೆಗೆ, ಕೋವಿಡ್‌ನಿಂದ ರದ್ದಾದ 2020-21 ಬಿಟ್ಟರೆ, ಹತ್ತು ಫೈನಲ್ ನಡೆದಿವೆ. ಹತ್ತರಲ್ಲೂ ಸ್ವೀಡನ್ನಿನ ಒಂದು ತಂಡವಾದರೂ ಇತ್ತು. ಕಪ್ಪಿನ ಲೆಕ್ಕ ಸ್ವೀಡನ್ 6, ಫಿನ್ಲೆಂಡ್ 2, ಸ್ವಿಟ್ಜರ್ಲೆಂಡ್ 2. ಇಷ್ಟು ನೋಡಿ ಸ್ವೀಡನ್ನಿನ ಅಗ್ರ ಲೀಗ್ ಆದ ಎಸ್‌ಎಚ್‌ಎಲ್‌ಗೆ ಸಾಟಿಯೇ ಇಲ್ಲ ಎಂದು ಷರಾ ಬರೆದು ಮುಗಿಸುವವರು ಬಹಳ. ಆದರೆ ಆ ಆರರಲ್ಲಿ ನಾಲ್ಕು ಕಪ್ಪು ಗೋಥೆನ್‌ಬರ್ಗ್‌ನ ಫ್ರೋಲುಂಡಾ ಒಂದೇ ಕ್ಲಬ್ಬಿನವು. ಹತ್ತು ಫೈನಲ್‌ಗಳಲ್ಲಿ ಆರು ಒಂದೇ ಗೋಲಿನ ಅಂತರದಲ್ಲಿ ಮುಗಿದವು. 2015ರ ಫೈನಲ್ ಲುಲಿಯೊ ಮತ್ತು ಫ್ರೋಲುಂಡಾ ನಡುವೆ, ಎರಡೂ ಸ್ವೀಡನ್ನಿನವೇ. ಲೀಗ್‌ಗಳ ಹೋಲಿಕೆಗೆ ಆ ಪಂದ್ಯದಿಂದ ಸಿಗುವ ಮಾಹಿತಿ ಸೊನ್ನೆ.

ಹಾಗಾಗಿ ನಾನು ಕಪ್ಪು ಎಣಿಸುವುದಿಲ್ಲ, ಗೋಲಿನ ಅಂತರ ಎಣಿಸುತ್ತೇನೆ. ಲೆಕ್ಕದ ತಿರುಳು ಸರಳ. ಒಂದು ಕ್ಲಬ್ಬಿನ ಬಲ ಎಂದರೆ ಅದರ ಲೀಗಿನ ಮಟ್ಟ, ಜೊತೆಗೆ ಆ ಲೀಗಿನೊಳಗೆ ಸರಾಸರಿಗಿಂತ ಅದು ಎಷ್ಟು ಮೇಲಿದೆ ಎಂಬುದು. ಎರಡನೆಯದು ದೇಶದೊಳಗಿನ ಪಂದ್ಯಗಳಿಂದ ಗೊತ್ತಾಗುತ್ತದೆ. ಅದನ್ನು ಕಳೆದಾಗ ಉಳಿಯುವುದೇ ಲೀಗಿನ ಮಟ್ಟ.

ಮೊದಲ ಕೆಲಸ ಹಾಳೆ ಸಿದ್ಧಮಾಡುವುದು. ಅರ್ಧ ತಪ್ಪುಗಳು ಹುಟ್ಟುವುದೇ ಇಲ್ಲಿ. ಪಂದ್ಯಕ್ಕೊಂದು ಸಾಲು. ದಿನಾಂಕ, ತವರು ತಂಡ, ಎದುರು ತಂಡ, ಇಬ್ಬರ ಲೀಗ್, 60 ನಿಮಿಷ ಮುಗಿದಾಗಿನ ಸ್ಕೋರು, ಖಾಲಿ ಬಲೆಗೆ ಬಿದ್ದ ಗೋಲುಗಳು, ನಾಕೌಟ್ ಆದರೆ ಮೊದಲ ಪಂದ್ಯವೋ ಎರಡನೆಯದೋ, ಆಡಿದ ಗೋಲಿ (ಗೋಲ್‌ಕೀಪರ್) ಯಾರು: ಇಷ್ಟು ಕಾಲಂ ಬೇಕೇ ಬೇಕು. ಲೀಗ್ ಎಂಬಲ್ಲಿ ದೇಶ ಬರೆದರೆ ಕೆಟ್ಟಿತು. ಬೋಲ್ಜಾನೊ ಇಟಲಿಯ ಊರು, ಆದರೆ 2013ರಿಂದ ಆಡುವುದು ಆಸ್ಟ್ರಿಯಾ ಕೇಂದ್ರಿತ ಲೀಗಿನಲ್ಲಿ. ಆ ಲೀಗಿಗೇ 2020ರಲ್ಲಿ ಇಬೆಲ್ ಹೋಗಿ ಐಸ್ ಹಾಕಿ ಲೀಗ್ ಎಂಬ ಹೆಸರು ಬಂತು. ಗಮನಿಸದಿದ್ದರೆ ಒಂದೇ ಲೀಗ್ ಹಾಳೆಯಲ್ಲಿ ಎರಡಾಗಿ ಕೂರುತ್ತದೆ. ಕ್ಲಬ್ಬಿನ ಹೆಸರುಗಳದ್ದೂ ಇದೇ ಗೋಳು. ಸ್ವೀಡಿಷ್, ಫಿನ್ನಿಶ್, ಚೆಕ್ ಅಕ್ಷರಗಳ ತಲೆಮೇಲಿನ ಚುಕ್ಕಿ, ಕೊಕ್ಕೆಗಳು ಒಂದು ಕಡತದಲ್ಲಿ ಇರುತ್ತವೆ, ಇನ್ನೊಂದರಲ್ಲಿ ಇರುವುದಿಲ್ಲ. ಹಾಗಾಗಿ ಕರ್ಪಾತ್, ಟ್ರಿನೆಟ್ಸ್ ಎರಡೆರಡು ಕ್ಲಬ್ಬುಗಳಾಗುತ್ತವೆ. ಪ್ರತಿ ಕ್ಲಬ್ಬಿಗೂ ಒಂದು ಸಂಖ್ಯೆ ಕೊಟ್ಟು, ಹೆಸರನ್ನು ಬರೀ ಓದಲಿಕ್ಕೆ ಇಟ್ಟುಕೊಳ್ಳುವುದು ಮೇಲು.

ಸ್ಕೋರನ್ನು ಇದ್ದ ಹಾಗೆ ತೆಗೆದುಕೊಳ್ಳುವಂತಿಲ್ಲ. 3-2 ಎಂದು ಅಚ್ಚಾದ ಪಂದ್ಯ ಶೂಟೌಟಿನಲ್ಲಿ ಮುಗಿದಿದ್ದರೆ, ನಿಗದಿತ ಸಮಯದ ಸ್ಕೋರು 2-2, ಅಂತರ ಸೊನ್ನೆ. ಸೋಲುತ್ತಿರುವ ತಂಡ ಕೊನೆಯ ಎರಡು ನಿಮಿಷದಲ್ಲಿ ಗೋಲಿಯನ್ನು ಹೊರಗೆ ಕರೆದು ಆರನೇ ಆಟಗಾರನನ್ನು ಇಳಿಸುತ್ತದೆ. ಆಗ ಖಾಲಿ ಬಲೆಗೆ ಬೀಳುವ ಗೋಲು ಬಲದ ಗುರುತಲ್ಲ, ಅದನ್ನು ಕಳೆಯುತ್ತೇನೆ. ಅಂತರ 4ಕ್ಕಿಂತ ಹೆಚ್ಚಾದರೆ 4 ಎಂದೇ ಬರೆಯುತ್ತೇನೆ. 5-0 ಆದ ಮೇಲೆ ಕೋಚ್ ನಾಲ್ಕನೇ ಲೈನನ್ನು, ಅಂದರೆ ಕೊನೆಯ ಸಾಲಿನ ಆಟಗಾರರನ್ನು, ಹೆಚ್ಚು ಹೊತ್ತು ಆಡಿಸುತ್ತಾನೆ, ಆಮೇಲಿನ ಗೋಲುಗಳಿಗೆ ಅರ್ಥ ಕಡಿಮೆ.

ನಾಕೌಟ್‌ನ ಎರಡನೇ ಪಂದ್ಯವೇ ನಿಜವಾದ ತಲೆನೋವು. ಫೈನಲ್ ಹೊರತು ಉಳಿದ ಸುತ್ತುಗಳಲ್ಲಿ ಎರಡು ಪಂದ್ಯಗಳ ಒಟ್ಟು ಗೋಲು ನೋಡುತ್ತಾರೆ. ಮೊದಲ ಪಂದ್ಯ 4-1 ಗೆದ್ದವರಿಗೆ ಎರಡನೆಯದನ್ನು ಎರಡು ಗೋಲಿನಿಂದ ಸೋತರೂ ನಷ್ಟವಿಲ್ಲ. ಎದುರಿನವರು ಕೊನೆಯಲ್ಲಿ ಬಹಳ ಬೇಗ ಗೋಲಿಯನ್ನು ಎಳೆಯುತ್ತಾರೆ. ಮೊದಲ ಪಂದ್ಯದ ಅಂತರ ಮೂರೋ ಹೆಚ್ಚೋ ಇದ್ದರೆ ಎರಡನೇ ಪಂದ್ಯಕ್ಕೆ 40ನೇ ನಿಮಿಷದ ಸ್ಕೋರನ್ನಷ್ಟೇ ಬರೆದುಕೊಳ್ಳುತ್ತೇನೆ.

ಇನ್ನು ಲೀಗಿನೊಳಗಿನ ಬಲ. ಎಸ್‌ಎಚ್‌ಎಲ್, ಜರ್ಮನಿಯ ಡಿಇಎಲ್, ಚೆಕ್ ಎಕ್ಸ್‌ಟ್ರಾಲಿಗಾಗಳಲ್ಲಿ 14 ತಂಡ, ಪ್ರತಿ ಎದುರಾಳಿಯ ಮೇಲೆ ನಾಲ್ಕು ಪಂದ್ಯ, ಒಟ್ಟು 52. ಎಲ್ಲರಿಗೂ ಒಂದೇ ಅಗ್ನಿಪರೀಕ್ಷೆ, ಹಾಗಾಗಿ ಸರಾಸರಿ ತೆಗೆದರೆ ಸಾಕು. ಫಿನ್ಲೆಂಡಿನ ಲೀಗಾದಲ್ಲಿ 60 ಪಂದ್ಯ, ಎದುರಾಳಿಗಳು ಸಮನಾಗಿ ಬರುವುದಿಲ್ಲ. ಅಲ್ಲಿ ಎದುರಾಳಿಯ ಬಲಕ್ಕೆ ತಕ್ಕ ತಿದ್ದುಪಡಿ ಬೇಕು.

ಬಂದ ಸರಾಸರಿಯಲ್ಲಿ ಅದೃಷ್ಟವೂ ಬೆರೆತಿರುತ್ತದೆ, ಅದನ್ನು ಸೊನ್ನೆಯ ಕಡೆಗೆ ಕುಗ್ಗಿಸಲೇಬೇಕು. ಒಂದು ಪಂದ್ಯದಲ್ಲಿ ಒಟ್ಟು ಐದೂವರೆ ಗೋಲು ಎಂದಿಟ್ಟುಕೊಂಡರೆ ಅಂತರದ ಅಡ್ಡಾದಿಡ್ಡಿತನ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಐದೂವರೆಯ ವರ್ಗಮೂಲ, ಸುಮಾರು 2.35 ಗೋಲು. ತಂಡಗಳ ನಡುವಿನ ನಿಜವಾದ ಹರಡಿಕೆ ಅರ್ಧ ಗೋಲು ಎಂದು ಹಿಡಿದರೆ 5.5ನ್ನು 0.25ರಿಂದ ಭಾಗಿಸಿ 22 ಬರುತ್ತದೆ. 52 ಪಂದ್ಯಕ್ಕೆ ಈ 22 ಕೂಡಿಸಿದರೆ 74, 52ನ್ನು 74ರಿಂದ ಭಾಗಿಸಿದರೆ 0.70. ಇದೇ ಕುಗ್ಗಿಸುವ ಗುಣಕ.

ಲೆಕ್ಕ ತೋರಿಸಲು ಎರಡು ಕಾಲ್ಪನಿಕ ಕ್ಲಬ್ಬು ತೆಗೆದುಕೊಳ್ಳೋಣ. ಕ ಕ್ಲಬ್ಬು ತನ್ನ ಲೀಗಿನ 52 ಪಂದ್ಯಗಳಲ್ಲಿ +42 ಗೋಲು, ಪಂದ್ಯಕ್ಕೆ 0.81, ಕುಗ್ಗಿಸಿದರೆ 0.57. ಗ ಕ್ಲಬ್ಬು +26, ಪಂದ್ಯಕ್ಕೆ 0.50, ಕುಗ್ಗಿಸಿದರೆ 0.35. ತವರಿನ ಅನುಕೂಲ ಸದ್ಯಕ್ಕೆ 0.3 ಇರಲಿ. ಎರಡು ಲೀಗೂ ಸಮ ಎಂದಾದರೆ ಕ ತನ್ನ ತವರಿನಲ್ಲಿ 0.52 ಗೋಲಿನಿಂದ ಮುಂದಿರಬೇಕು. ಆದರೆ 2-3ರಿಂದ ಸೋತಿತು: ಶೇಷ, ಅಂದರೆ ಆದದ್ದರಲ್ಲಿ ನಿರೀಕ್ಷೆ ಕಳೆದದ್ದು, -1.52. ಗ ಊರಿನಲ್ಲಿ ನಿರೀಕ್ಷೆ -0.08, ಕ ಗೆದ್ದದ್ದು 4-2, ಅದರಲ್ಲಿ ಒಂದು ಖಾಲಿ ಬಲೆಯದು, ಅಂತರ +1: ಶೇಷ +1.08. ಎರಡರ ಸರಾಸರಿ -0.22. ಅಂದರೆ ಗ ಇರುವ ಲೀಗ್ ಕಾಲುಭಾಗ ಗೋಲಿನಷ್ಟು ಮೇಲು. ಖುಷಿಪಡುವ ಮುನ್ನ ದೋಷದ ಅಂದಾಜು ನೋಡಬೇಕು: 2.35ನ್ನು ಎರಡರ ವರ್ಗಮೂಲದಿಂದ ಭಾಗಿಸಿದರೆ 1.66. ಕಾಲು ಗೋಲಿನ ಸುದ್ದಿ, ಒಂದೂಮುಕ್ಕಾಲು ಗೋಲಿನ ಗದ್ದಲ.

ಎಲ್ಲ ಪಂದ್ಯಗಳನ್ನೂ ಒಟ್ಟಿಗೆ ಬಿಡಿಸಲು ದೊಡ್ಡ ತಂತ್ರಾಂಶವೇನೂ ಬೇಡ. ಎಕ್ಸೆಲ್‌ನ ಲಿನೆಸ್ಟ್ (LINEST) ಎಂಬ ಸೂತ್ರ ಸಾಕು. ಲೀಗಿಗೊಂದು ಕಾಲಂ, ತವರು ತಂಡದ ಲೀಗಿಗೆ +1, ಎದುರಿನವರ ಲೀಗಿಗೆ -1, ಉಳಿದದ್ದು 0. ಉತ್ತರದ ಕಾಲಂನಲ್ಲಿ ಪಂದ್ಯದ ಅಂತರದಿಂದ ಕ್ಲಬ್ಬುಗಳ ಒಳಬಲದ ವ್ಯತ್ಯಾಸ ಕಳೆದ ಅಂಕಿ. ತವರಿನ ಅನುಕೂಲವನ್ನು ಇಲ್ಲಿ ಕಳೆಯಬಾರದು. ಎಸ್‌ಎಚ್‌ಎಲ್ ಕಾಲಂ ತೆಗೆದುಹಾಕಿ ಅದನ್ನು ಸೊನ್ನೆ ಎಂದು ನಿಲ್ಲಿಸಬೇಕು, ಇಲ್ಲದಿದ್ದರೆ ಕಾಲಂಗಳು ಒಂದರ ಮೇಲೊಂದು ಬಿದ್ದು ಲೆಕ್ಕ ಕೂಡುವುದಿಲ್ಲ. ಇಂಟರ್‌ಸೆಪ್ಟ್ (ಸ್ಥಿರಾಂಕ) ಆಗಿ ಹೊರಬರುವ ಸಂಖ್ಯೆಯೇ ತವರಿನ ಅನುಕೂಲ. ಹಿಂದಿನ 32 ತಂಡಗಳ ಪದ್ಧತಿಯಲ್ಲಿ ಗುಂಪಿನವರು ತವರಿನಲ್ಲೊಮ್ಮೆ, ಹೊರಗೊಮ್ಮೆ ಆಡುತ್ತಿದ್ದರಿಂದ ಅದು ತಾನಾಗಿ ಕಳೆದುಹೋಗುತ್ತಿತ್ತು. 2023-24ರಿಂದ 24 ತಂಡ, ಒಂದೇ ಪಟ್ಟಿ, ಆರು ಬೇರೆ ಬೇರೆ ಎದುರಾಳಿಗಳು. ಮರುಪಂದ್ಯ ಇಲ್ಲದ್ದರಿಂದ ಇಂಟರ್‌ಸೆಪ್ಟ್ ಬಿಡುವಂತಿಲ್ಲ.

ಈಗ ಸೀಸನ್ನಿಗೆ ಲೀಗ್ ಹಂತದಲ್ಲಿ 72, ನಾಕೌಟಿನಲ್ಲಿ 29, ಒಟ್ಟು 101 ಪಂದ್ಯ. ಮೂರು ಸೀಸನ್ ಸೇರಿಸಿ ಒಂದು ಲೀಗಿಗೆ 90 ಪಂದ್ಯ ಸಿಕ್ಕಿತು ಎಂದರೂ ದೋಷ 0.25 ಗೋಲು, ಶೇಕಡಾ 95ರ ಭರವಸೆಗೆ ಆಚೆ ಈಚೆ ಅರ್ಧ ಗೋಲು. ಅದೂ ಪಂದ್ಯಗಳು ಒಂದಕ್ಕೊಂದು ಸಂಬಂಧವಿಲ್ಲ ಎಂದುಕೊಂಡಾಗ. ಅದೇ ಮೂರ್ನಾಲ್ಕು ಕ್ಲಬ್ಬುಗಳೇ ಮತ್ತೆ ಮತ್ತೆ ಆಡುವುದರಿಂದ ನಿಜವಾದ ದೋಷ ಇನ್ನೂ ದೊಡ್ಡದು. ಅದಕ್ಕೆ ಬೂಟ್‌ಸ್ಟ್ರ್ಯಾಪ್ ಮಾಡುವಾಗ, ಅಂದರೆ ಇದ್ದ ಹಾಳೆಯಿಂದಲೇ ಮತ್ತೆ ಮತ್ತೆ ಚೀಟಿ ಎತ್ತಿ ಲೆಕ್ಕ ಓಡಿಸುವಾಗ, ಪಂದ್ಯಗಳನ್ನಲ್ಲ, ಕ್ಲಬ್ಬುಗಳನ್ನು ಚೀಟಿ ಎತ್ತಬೇಕು. ಫ್ರೋಲುಂಡಾದ ಸಾಲುಗಳನ್ನು ಪೂರ್ತಿ ತೆಗೆದು ಒಮ್ಮೆ ಓಡಿಸದೆ ನಾನು ಸ್ವೀಡನ್ ಬಗ್ಗೆ ಬಾಯಿ ಬಿಡುವುದಿಲ್ಲ.

ಬ್ರಿಟನ್, ನಾರ್ವೆ, ಡೆನ್ಮಾರ್ಕ್‌ನಂಥ ಲೀಗುಗಳಿಂದ ಬಹುಪಾಲು ಬರುವುದು ಚಾಂಪಿಯನ್ ಒಂದೇ. ಅಲ್ಲಿ ಕ್ಲಬ್ಬು ಯಾವುದು, ಲೀಗ್ ಯಾವುದು ಎಂದು ಬಿಡಿಸಲಾಗದು. ಅವನ್ನೆಲ್ಲ ಒಂದು ಗುಂಪಿಗೆ ಹಾಕಿ, ಪ್ರತಿ ಲೀಗಿಗೂ ಗುಂಪಿನ ಸರಾಸರಿಯ ಹತ್ತು ಹುಸಿ ಸಾಲು ಸೇರಿಸುತ್ತೇನೆ.

ಕಾಲದ ತೊಡಕೂ ಇದೆ. ಲೀಗ್ ಹಂತ ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಶುರು, ಆಗ ದೇಶದೊಳಗಿನ ಸೀಸನ್ನೇ ಆರಂಭವಾಗಿರುವುದಿಲ್ಲ. ಕೋಚ್‌ಗಳು ಎರಡನೇ ಗೋಲಿಯನ್ನು ಪರೀಕ್ಷೆಗೆ ಇಳಿಸುತ್ತಾರೆ. ಗೋಲಿಯ ಕಾಲಂ ಇಟ್ಟದ್ದು ಇದಕ್ಕೇ. ವಿದೇಶಿ ಆಟಗಾರರು ವರ್ಷದ ಒಪ್ಪಂದದ ಮೇಲೆ ಬಂದುಹೋಗುವ ಲೀಗುಗಳಲ್ಲಿ ಕಳೆದ ವರ್ಷದ ಒಳಬಲ ಈ ವರ್ಷದ ತಂಡಕ್ಕೆ ಅರ್ಧವೂ ಹೊಂದುವುದಿಲ್ಲ. ಸ್ವಿಸ್ ಲೀಗ್ 2022-23ರಲ್ಲಿ ವಿದೇಶಿಯರ ಮಿತಿಯನ್ನು ನಾಲ್ಕರಿಂದ ಆರಕ್ಕೆ ಏರಿಸಿತು, ಹಾಗಾಗಿ ಅದರ ಹಿಂದಿನ ಸೀಸನ್‌ಗಳಿಗೆ ಅರ್ಧ ತೂಕ ಮಾತ್ರ ಕೊಡುತ್ತೇನೆ. 2024ರಲ್ಲಿ ಜಿನೀವಾ, 2025ರಲ್ಲಿ ಜ್ಯೂರಿಕ್ ಕಪ್ ಎತ್ತಿದ್ದು ಈ ಬದಲಾವಣೆಯ ನಂತರ. ಕಾರಣ ಅದೊಂದೇ ಎನ್ನಲಾರೆ, ಆದರೂ ಎರಡು ಕಾಲಗಳನ್ನು ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ.

ಕೊನೆಗೆ ಒಂದು, ಎರಡು, ಮೂರು ಎಂದು ಸ್ಥಾನ ಕೊಡುವುದಿಲ್ಲ. ದೋಷದ ಹರವು ಒಂದರ ಮೇಲೊಂದು ಬಂದ ಲೀಗುಗಳನ್ನು ಒಂದೇ ಮೆಟ್ಟಿಲ ಮೇಲೆ ಕೂರಿಸುತ್ತೇನೆ. ನೆನಪಿಡಬೇಕಾದ್ದು, ಇದು ಮೇಲಿನ ಮೂರ್ನಾಲ್ಕು ಕ್ಲಬ್ಬುಗಳ ಸಾಕ್ಷ್ಯ. ಎಸ್‌ಎಚ್‌ಎಲ್‌ನ ಹದಿಮೂರನೇ ತಂಡ ಡಿಇಎಲ್‌ನ ಹದಿಮೂರನೆಯದನ್ನು ಸೋಲಿಸುತ್ತದೆಯೇ ಎಂಬುದಕ್ಕೆ ಈ ಹಾಳೆಯಲ್ಲಿ ನೇರ ಪುರಾವೆ ಇಲ್ಲ.

ರಷ್ಯಾ ಕೇಂದ್ರಿತ ಲೀಗ್ ಕೆಎಚ್‌ಎಲ್ ಎಲ್ಲಿ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದರ ಕ್ಲಬ್ಬುಗಳು ಈ ಟೂರ್ನಿಯಲ್ಲಿ ಆಡುವುದಿಲ್ಲ. 2014ರಲ್ಲಿ ಹೆಲ್ಸಿಂಕಿಯ ಯೋಕೆರಿತ್ ಫಿನ್ನಿಶ್ ಲೀಗ್ ಬಿಟ್ಟು ಅಲ್ಲಿಗೆ ಹೋದದ್ದನ್ನು ಸೇತುವೆ ಮಾಡಿಕೊಳ್ಳಲು ನೋಡಬಹುದು, ಆದರೆ ಹೋಗುವಾಗ ತಂಡವೇ ಬದಲಾಯಿತು. ಇದೇ ಹೆಸರಿನ ಹಳೆಯ ಟೂರ್ನಿ 2008-09ರಲ್ಲಿ ಒಂದೇ ಒಂದು ಸೀಸನ್ ನಡೆದಾಗ ಜ್ಯೂರಿಕ್ ತಂಡ ಮ್ಯಾಗ್ನಿಟೊಗೊರ್ಸ್ಕನ್ನು ಫೈನಲ್‌ನಲ್ಲಿ ಸೋಲಿಸಿತ್ತು. ಅದು ಎರಡು ಪಂದ್ಯ, ದೋಷ 1.66. ಹಾಳೆಯಲ್ಲಿ ಕೆಎಚ್‌ಎಲ್ ಸಾಲು ಖಾಲಿಯೇ ಇದೆ.