ಪುಣೆಯ ಎರೆಮಣ್ಣಿನಲ್ಲಿ ಸಾವಯವ ರಂಜಕವನ್ನು ಅಳೆಯುವ ಕ್ರಮ

ಪುಣೆಯ ಸುತ್ತಲಿನ ಹೊಲಗಳ ಎರೆಮಣ್ಣು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆಯು ಶಿಥಿಲಗೊಂಡು ಉಂಟಾದದ್ದು. ವಿಜಯಪುರ, ಕಲಬುರಗಿಗಳ ಕಡೆಯಿಂದ ಇಲ್ಲಿಗೆ ಕೃಷಿ ಓದಲು ಬರುವ ನಮ್ಮ ವಿದ್ಯಾರ್ಥಿಗಳಿಗೆ ಇದು ಊರಿನ ಮಣ್ಣೇ ಸರಿ. ಮಣ್ಣು ಪರೀಕ್ಷೆಯ ಓಲ್ಸನ್ ವಿಧಾನದಿಂದ (ಸೋಡಿಯಂ ಬೈಕಾರ್ಬೊನೇಟ್ ದ್ರಾವಣದಲ್ಲಿ ಕರಗಿಸಿ ಅಳೆಯುವುದು) ಸಿಗುವ ಲಭ್ಯ ರಂಜಕದ, ಅಂದರೆ ಬೆಳೆಗೆ ಸಿಗಬಲ್ಲ ರಂಜಕದ, ಅಂಕಿಯು ಸಾವಯವ ರಂಜಕದ ಒಟ್ಟು ಸಂಗ್ರಹವನ್ನು ತಿಳಿಸುವುದಿಲ್ಲ. ಬೇರು, ಕೊಟ್ಟಿಗೆ ಗೊಬ್ಬರ ಮತ್ತು ಸೂಕ್ಷ್ಮಜೀವಿಗಳಿಂದ ಬಂದ ಈ ಸಂಗ್ರಹವನ್ನು ಬೇರೆಯಾಗಿಯೇ ಅಳೆಯಬೇಕು.

ಸಾಧಾರಣ ಪ್ರಯೋಗಾಲಯಕ್ಕೆ 1955ರಲ್ಲಿ ಸಾಂಡರ್ಸ್ ಮತ್ತು ವಿಲಿಯಮ್ಸ್ ಪ್ರಕಟಿಸಿದ ದಹನ ವಿಧಾನವೇ ಅನುಕೂಲ. ನೆರಳಿನಲ್ಲಿ ಒಣಗಿಸಿ, 2 ಮಿ.ಮೀ. ಜರಡಿಯಲ್ಲಿ ಜರಡಿ ಹಿಡಿದು, ಚೆನ್ನಾಗಿ ಕಲಸಿದ ಒಂದೇ ಮಾದರಿಯಿಂದ 1 ಗ್ರಾಂನ ಎರಡು ಪಾಲು ತೂಗಿಕೊಳ್ಳಿ. ಒಂದನ್ನು ಪಿಂಗಾಣಿ ಮೂಸೆಯಲ್ಲಿಟ್ಟು ಮಫಲ್ ಕುಲುಮೆಯಲ್ಲಿ 550 ಡಿಗ್ರಿ ಸೆಲ್ಸಿಯಸ್‌ನಲ್ಲಿ 1 ಗಂಟೆ ಸುಡಿ; ಇನ್ನೊಂದನ್ನು ಸುಡದೆ ಹಾಗೆಯೇ ಇಡಿ. ಎರಡಕ್ಕೂ 0.5 ಮೋಲಾರ್ ಸಲ್ಫ್ಯೂರಿಕ್ ಆಮ್ಲವನ್ನು 50 ಮಿ.ಲೀ.ನಂತೆ ಹಾಕಿ, 16 ಗಂಟೆ ಅಲುಗಾಡಿಸಿ, ಸೋಸಿ. ಈ ಆಮ್ಲವನ್ನು ತಯಾರಿಸುವಾಗ ಸುಮಾರು 28 ಮಿ.ಲೀ. ಸಾಂದ್ರ ಆಮ್ಲವನ್ನು ನೀರಿಗೆ ನಿಧಾನವಾಗಿ ಸೇರಿಸಿ, ತಣಿದ ಮೇಲೆ 1 ಲೀಟರ್‌ಗೆ ತುಂಬಬೇಕು. ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳಿರುವುದರಿಂದ ಆಮ್ಲ ಬಿದ್ದೊಡನೆ ನೊರೆ ಏಳುತ್ತದೆ. ಅದು ಇಳಿಯುವವರೆಗೆ ಬಾಟಲಿಯ ಮುಚ್ಚಳವನ್ನು ಬಿಗಿಯಬೇಡಿ.

ಸೋಸಿದ ದ್ರವದ ಆಮ್ಲೀಯತೆಯನ್ನು ಪ್ಯಾರಾ-ನೈಟ್ರೋಫೀನಾಲ್ ಸೂಚಕದ ನೆರವಿನಿಂದ ಸರಿಪಡಿಸಿದ ಬಳಿಕವೇ ಮರ್ಫಿ–ರೈಲಿ ದ್ರಾವಣ (ಫಾಸ್ಫೇಟ್‌ನೊಡನೆ ನೀಲಿ ಬಣ್ಣ ಕೊಡುವ ಮಾಲಿಬ್ಡೇಟ್ ದ್ರಾವಣ) ಸೇರಿಸಿ, ಮೂಡುವ ನೀಲಿ ಬಣ್ಣವನ್ನು 880 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಹೆಚ್ಚುವರಿ ಆಮ್ಲ ಉಳಿದರೆ ಬಣ್ಣ ಪೂರ್ತಿ ಮೂಡುವುದಿಲ್ಲ. ಗಾಜಿನ ಸಾಮಾನುಗಳನ್ನು ಫಾಸ್ಫೇಟ್ ಇರುವ ಸಾಬೂನಿನಿಂದ ತೊಳೆಯಲೇಬಾರದು.

ಸುಟ್ಟಾಗ ಸಾವಯವ ರಂಜಕವು ಆಮ್ಲದಲ್ಲಿ ಕರಗುವ ಅಜೈವಿಕ ರೂಪಕ್ಕೆ ತಿರುಗುತ್ತದೆ; ಆದ್ದರಿಂದ ಸುಟ್ಟ ಪಾಲಿನ ರಂಜಕದಿಂದ ಸುಡದ ಪಾಲಿನದನ್ನು ಕಳೆದರೆ ಸಾವಯವ ರಂಜಕ ಸಿಗುತ್ತದೆ. ಇಡೀ ವಿಧಾನದ ಬಲಹೀನತೆಯೂ ಈ ವ್ಯವಕಲನದಲ್ಲಿಯೇ ಇದೆ. ಸುಟ್ಟದ್ದರಲ್ಲಿ ಕಿಲೋಗೆ 300 ಮಿ.ಗ್ರಾಂ., ಸುಡದ್ದರಲ್ಲಿ 200 ಬಂದವೆನ್ನಿ. ಪ್ರತಿಯೊಂದು ಅಳತೆಯಲ್ಲಿ ಶೇ. 5ರಷ್ಟೇ ಅನಿಶ್ಚಿತತೆ ಇದ್ದರೂ ಉತ್ತರವಾದ 100ರಲ್ಲಿ ಅದು ಸುಮಾರು 18 ಆಗುತ್ತದೆ (15 ಮತ್ತು 10ರ ವರ್ಗಗಳ ಮೊತ್ತದ ವರ್ಗಮೂಲ). ಆದ್ದರಿಂದ ಪ್ರತಿ ಮಾದರಿಯನ್ನೂ ಕನಿಷ್ಠ ಮೂರು ಪ್ರತಿಗಳಲ್ಲಿ ನಡೆಸುವುದು ಅಗತ್ಯವೆಂದೇ ನಾನು ಭಾವಿಸುತ್ತೇನೆ.

ಇನ್ನೊಂದು ತೊಡಕು ಹೆಚ್ಚು ಗಂಭೀರವಾದುದು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ಗಳು ತುಂಬಿದ ಮಣ್ಣನ್ನು ಸುಟ್ಟಾಗ ಖನಿಜಗಳಲ್ಲಿ ಸಿಕ್ಕಿಕೊಂಡಿದ್ದ ಅಜೈವಿಕ ರಂಜಕವೂ ಆಮ್ಲಕ್ಕೆ ಕರಗಿ ಬರಬಹುದು. ಆಗ ಸಾವಯವ ರಂಜಕದ ಲೆಕ್ಕ ಸುಳ್ಳಾಗಿ ಏರುತ್ತದೆ. ಅದೇ ಬಸಾಲ್ಟ್‌ನಿಂದಲೇ ಉಂಟಾದ ಮಹಾಬಳೇಶ್ವರದ ಜಂಬಿಟ್ಟಿಗೆ ಮಣ್ಣಿಗೂ, ಅಲೋಫೇನ್ (ಅಲ್ಯೂಮಿನಿಯಂ ಇರುವ ಒಂದು ಜೇಡಿ ಖನಿಜ) ಹೇರಳವಾಗಿರುವ ಜಪಾನ್, ಚಿಲಿಗಳ ಜ್ವಾಲಾಮುಖಿ ಬೂದಿಯ ಮಣ್ಣಿಗೂ ಈ ಕಾರಣದಿಂದ ದಹನ ವಿಧಾನವೊಂದನ್ನೇ ನಂಬಬಾರದು. ಅಂಥಲ್ಲಿ 0.25 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಮತ್ತು 0.05 ಮೋಲಾರ್ ಇಡಿಟಿಎ (ಲೋಹಗಳನ್ನು ಹಿಡಿದಿಡುವ ಸಂಯುಕ್ತ) ಮಿಶ್ರಣದಲ್ಲಿ 16 ಗಂಟೆ ಅಲುಗಾಡಿಸಿ, ಹೊರಬಂದ ಒಟ್ಟು ರಂಜಕವನ್ನು ಐಸಿಪಿ ಯಂತ್ರದಲ್ಲಿ (ಪ್ಲಾಸ್ಮಾದ ಕಾವಿನಲ್ಲಿ ಮೂಲವಸ್ತುಗಳನ್ನು ಅಳೆಯುವ ಉಪಕರಣ) ಅಳೆದು, ಮಾಲಿಬ್ಡೇಟ್‌ಗೆ ಬಣ್ಣ ಕೊಡುವ ಭಾಗವನ್ನು ಅದರಿಂದ ಕಳೆಯುವುದು ಮೇಲು. ಬೀಜಗಳಲ್ಲಿ ರಂಜಕವನ್ನು ಸಂಗ್ರಹಿಸಿಡುವ ಫೈಟೇಟ್‌ನಂಥ ಸಂಯುಕ್ತಗಳನ್ನು ಬಿಡಿಬಿಡಿಯಾಗಿ ಗುರುತಿಸಬೇಕಿದ್ದರೆ ಇದೇ ದ್ರವವನ್ನು ರಂಜಕ-31 ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳ ಸಂಕೇತದಿಂದ ಸಂಯುಕ್ತಗಳನ್ನು ಗುರುತಿಸುವ) ಪರೀಕ್ಷೆಗೆ ಕಳುಹಿಸಬಹುದು.

ವರದಿಯಲ್ಲಿ ವ್ಯತ್ಯಾಸದ ಅಂಕಿಯ ಜೊತೆಗೆ ಎರಡೂ ಮೂಲ ಅಳತೆಗಳನ್ನು, ಬಳಸಿದ ವಿಧಾನವನ್ನು ಮತ್ತು ಸುಟ್ಟ ಉಷ್ಣಾಂಶವನ್ನು ಬರೆಯಿರಿ. ಬೇರೆ ಬೇರೆ ವಿಧಾನಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಹೋಲಿಸಬೇಡಿ.